ಎಲ್ಲರೂ ಬರೆಯುವ ಹೆಸರು

ನಮ್ಮ ಊರಿನಲ್ಲಿ ಇಬ್ಬರು ಡಾಕ್ಟರಿದ್ದರು. ಒಬ್ಬರು ದೊಡ್ಡ ಡಾಕ್ಟರು, ಇನ್ನೊಬ್ಬರು ಹೊಸ ಡಾಕ್ಟರು. ದೊಡ್ಡ ಡಾಕ್ಟರು ಕುಳ್ಳಗಿದ್ದರು. ಹೊಸ ಡಾಕ್ಟರು ಬಂದು ಹದಿನಾಲ್ಕು ವರ್ಷವಾಗಿತ್ತು. ಒಮ್ಮೆ ಬಿದ್ದ ಹೆಸರನ್ನು ಬದಲಿಸುವ ಅಭ್ಯಾಸ ನಮ್ಮವರಿಗಿರಲಿಲ್ಲ. ಇಬ್ಬರ ದವಾಖಾನೆಗಳೂ ಪೇಟೆ ಬೀದಿಯಲ್ಲಿ ಎದುರುಬದುರು, ನಡುವೆ ಒಂದು ಬಸ್ಸು ಹೋಗುವಷ್ಟು ರಸ್ತೆ. ಬಸ್ಸು ನಿಂತಾಗ ಅದರ ಮರೆಯಲ್ಲಿ ಜನ ಈ ಕಡೆಯಿಂದ ಆ ಕಡೆಗೆ ದಾಟಿಕೊಳ್ಳುತ್ತಿದ್ದರು. ಯಾಕೆಂದರೆ ಊರಿನವರೆಲ್ಲ ಇಬ್ಬರ ಹತ್ತಿರವೂ ಹೋಗುತ್ತಿದ್ದರು, ಮತ್ತು ಅದು ಇಬ್ಬರಿಗೂ ಗೊತ್ತಾಗಬಾರದಿತ್ತು.

ನನ್ನ ಅಪ್ಪ ದೊಡ್ಡ ಡಾಕ್ಟರ ಕಾಂಪೌಂಡರ್. ಮೂವತ್ತೆಂಟು ವರ್ಷ ಒಂದೇ ಕಿಟಕಿಯ ಹಿಂದೆ ನಿಂತವನು. ಎದೆಯೆತ್ತರದ ಕಿಟಕಿ, ಅದರ ಹಲಗೆಯ ಮೇಲೆ ಜನ ಮನೆಯಿಂದ ತೊಳೆದು ತಂದ ಶೀಷೆ ಇಡುತ್ತಿದ್ದರು. ಅಪ್ಪ ಮಿಕ್ಸ್ಚರು ತುಂಬಿ, ಕಾಗದದ ಉದ್ದ ಪಟ್ಟಿಯೊಂದನ್ನು ಮಡಿಸಿ, ಕತ್ತರಿಯಿಂದ ಅಂಚಿಗೆ ಕಚ್ಚು ಹಾಕಿ, ಬಿಡಿಸಿ ಗೋಂದಿನಲ್ಲಿ ಶೀಷೆಗೆ ಅಂಟಿಸುತ್ತಿದ್ದ. ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ಕಚ್ಚು ಒಂದು ಎಳೆ ಆಚೀಚೆಯಾದರೆ ರೋಗ ಮುನಿಸಿಕೊಂಡು ವಾಪಸು ಬರುತ್ತದೆ ಎನ್ನುವಷ್ಟು ಗಂಭೀರವಾಗಿ ಮಾಡುವ ಕೆಲಸ ಅದು.

ಶೀಷೆಯ ಅಡಿಯಲ್ಲಿ ಮಡಿಸಿಟ್ಟ ಚೀಟಿಯೊಂದು ಆಗಾಗ ಜಾರಿ ಬರುತ್ತಿತ್ತು. ಎದುರಿನ ಹೊಸ ಡಾಕ್ಟರು ಬರೆದುಕೊಟ್ಟದ್ದು. ಇದನ್ನು ತೆಗೆದುಕೊಳ್ಳಬಹುದೇ ಎಂಬುದು ಪ್ರಶ್ನೆ, ಬಾಯಿಬಿಟ್ಟು ಕೇಳುವಂಥದ್ದಲ್ಲ. ಅಪ್ಪ ತಲೆ ಅಲ್ಲಾಡಿಸದೆ ಕಣ್ಣಷ್ಟೇ ಇಳಿಸಿ ಓದುತ್ತಿದ್ದ. ಒಮ್ಮೆ ಕೆಮ್ಮಿದರೆ ತೆಗೆದುಕೊಳ್ಳಬಹುದು, ಸುಮ್ಮನಿದ್ದರೆ ಬೇಡ. ಅಪ್ಪನಿಗೆ ನಿಜವಾಗಿಯೇ ಕೆಮ್ಮು ಹತ್ತಿದ ಒಂದು ಚಳಿಗಾಲದಲ್ಲಿ ಊರು ಸಿಕ್ಕಾಪಟ್ಟೆ ಔಷಧಿ ಕುಡಿಯಿತು. ಯಾರಿಗೂ ಏನೂ ಆಗಲಿಲ್ಲ ಎಂಬುದನ್ನು ಅಪ್ಪ ಬಹಳ ವರ್ಷ ದೇವರ ಲೆಕ್ಕಕ್ಕೆ ಹಾಕುತ್ತಿದ್ದ.

ದೊಡ್ಡ ಡಾಕ್ಟರು ರೋಗಿಯ ಮಾತಿಗಿಂತ ನಾಲಿಗೆಯನ್ನು ನಂಬಿದವರು. “ತೆಗೀರಿ ನಾಲಿಗೆ” ಎನ್ನುವುದೇ ಅವರ ನಮಸ್ಕಾರ. ಬೀದಿಯಲ್ಲಿ ಅವರು ಎದುರಾದರೆ ಅಭ್ಯಾಸಬಲದಿಂದ ಬಾಯಿ ತೆರೆದವರುಂಟು. ರೋಗಿ ಅತ್ತೆಯ ಮೇಲೋ ಸೊಸೆಯ ಮೇಲೋ ದೂರು ಶುರುಮಾಡಿದರೆ ಸ್ಟೆತಾಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡು, ದೂರು ಮುಗಿಯುವವರೆಗೆ ಎದೆ ಕೇಳುತ್ತ ಕೂರುತ್ತಿದ್ದರು. ಜಗಳದ ಮನೆಯವರ ಎದೆಗಳನ್ನು ಅವರಷ್ಟು ಕೂಲಂಕಷವಾಗಿ ಪರೀಕ್ಷಿಸಿದವರು ಇರಲಿಕ್ಕಿಲ್ಲ.

ಇಂಥ ಊರಿಗೆ ಆರೋಗ್ಯ ಮಂತ್ರಿಗಳ ಸುಧಾರಣೆ ಬಂತು.

ಯೋಜನೆಯ ಹೆಸರು ‘ಮನೆಗೊಬ್ಬ ವೈದ್ಯ’. ಪ್ರತಿ ಮನೆಯವರೂ ಒಬ್ಬ ಡಾಕ್ಟರ ಹೆಸರು ಬರೆದುಕೊಡಬೇಕು. ಆಮೇಲೆ ಶೀತವಾಗಲಿ ಸಿಡುಬಾಗಲಿ ಅವರ ಹತ್ತಿರವೇ ಹೋಗಬೇಕು. ನೋಡುವುದು, ಔಷಧಿ, ಸೂಜಿ ಎಲ್ಲವೂ ಪುಕ್ಕಟೆ, ಡಾಕ್ಟರನ್ನು ಸರ್ಕಾರ ನೋಡಿಕೊಳ್ಳುತ್ತದೆ. ಮಂತ್ರಿಗಳು ಊರೂರಿಗೆ ಹೋಗಿ ಇದನ್ನು ವಿವರಿಸಿದರು. ಪ್ರತಿ ಭಾಷಣದಲ್ಲೂ ತಮ್ಮ ತಾಯಿಯ ಕಥೆ ಹೇಳುತ್ತಿದ್ದರು. ಆಕೆ ದೊಡ್ಡಾಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ತಮ್ಮ ಸರದಿ ಬರುವ ಮೊದಲೇ ತೀರಿಕೊಂಡಿದ್ದರು. ಮೊದಲ ಊರಿನ ಭಾಷಣದಲ್ಲಿ ಆಕೆ ಮೂರು ಗಂಟೆ ಕಾದಿದ್ದರು. ನಮ್ಮೂರಿಗೆ ಬರುವ ಹೊತ್ತಿಗೆ ಬೆಳಗಿನಿಂದ ಸಂಜೆಯವರೆಗೆ ಕಾದಿದ್ದರು. ಇನ್ನು ನಾಲ್ಕು ಊರು ದಾಟಿದರೆ ಆಯಮ್ಮ ಒಂದು ವಾರ ಕೂತಿರುತ್ತಾರೆ ಎಂದು ಕ್ಷೌರದಂಗಡಿಯವನು ಹೇಳಿದ, ಮತ್ತು ಮಂತ್ರಿಗಳಿಗೆ ಕಾರಿಡಾರ್ ಸಾಹೇಬರೆಂದು ಹೆಸರಿಟ್ಟ. ಎಲ್ಲರೂ ನಕ್ಕರು. ತಾಯಿ ಸತ್ತದ್ದು ಸುಳ್ಳು ಎಂದು ಮಾತ್ರ ಯಾರೂ ಅನ್ನಲಿಲ್ಲ. ನಕ್ಕವರ ಮನೆಯವರೂ ಯಾವುದೋ ಒಂದು ಕಾರಿಡಾರಿನಲ್ಲಿ ಕೂತು ಬಂದವರೇ.

ಕ್ಷೌರದಂಗಡಿಯವನು ಸುಧಾರಣೆಗೆ ಪೂರ್ತಿ ವಿರೋಧ. ಪುಕ್ಕಟೆ ಕೊಟ್ಟ ಔಷಧಿಯಲ್ಲಿ ನೀರೇ ಜಾಸ್ತಿ ಇರುತ್ತದೆ, ಇವತ್ತು ಡಾಕ್ಟರು ಯಾರೆಂದು ಬರೆಸಿಕೊಂಡವರು ನಾಳೆ ಹಜಾಮ ಯಾರೆಂದು ಬರೆಸಿಕೊಳ್ಳುತ್ತಾರೆ ಎಂಬುದು ಅವನ ವಾದ. ಕೆನ್ನೆಗೆ ನೊರೆ ಹಚ್ಚಿ, ಗಂಟಲ ಮೇಲೆ ಕತ್ತಿ ಇಟ್ಟು ಕೇಳುತ್ತಿದ್ದ ಕಾರಣ ಊರಿನ ಗಂಡಸರಲ್ಲಿ ಬಹುಪಾಲು ಅವನ ಮತದವರೇ ಆದರು. ಪಕ್ಕದ ಅಂಗಡಿಯ ಟೈಲರಮ್ಮ ಸುಧಾರಣೆಯ ಪರ. ಮಗಳಿಗೆ ಕಾಮಾಲೆಯಾದಾಗ ಮೂರು ದಿನ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದವಳು ಆಕೆ. ಅಳತೆ ತೆಗೆಯುವಾಗ ಟೇಪನ್ನು ಸೊಂಟಕ್ಕೆ ಬಿಗಿದು ಹಿಡಿದು ಅಭಿಪ್ರಾಯ ಕೇಳುತ್ತಿದ್ದಳು. ಹೀಗೆ ಊರಿನ ಹೆಂಗಸರು ಪರವಾದರು. ಪತ್ರಿಕೆಗಳು ಇದನ್ನು ಜನಾಭಿಪ್ರಾಯ ಎಂದು ಕರೆದವು. ಡಾಕ್ಟರುಗಳ ಸಂಘ ಒಂದು ದಿನ ಮುಷ್ಕರ ಮಾಡಿತು. ದೊಡ್ಡ ಡಾಕ್ಟರು ಅವತ್ತು ಮುಷ್ಕರ ಎಂಬುದನ್ನೇ ಮರೆತು ಅರವತ್ತು ಜನರನ್ನು ನೋಡಿದರು.

ನಮ್ಮ ಮನೆಯ ಎದೆಬಡಿತ ಏರಿಸಿದ್ದು ಯೋಜನೆಯ ಕರಪತ್ರದ ಕೊನೆಯ ಎರಡು ಸಾಲು. ಐನೂರು ಮನೆಗಳಿಗಿಂತ ಕಡಿಮೆ ಸಿಕ್ಕ ಡಾಕ್ಟರಿಗೆ ಯೋಜನೆಯಲ್ಲಿ ಜಾಗವಿಲ್ಲ. ಅಂದರೆ ಎದುರುಗಡೆ ಪುಕ್ಕಟೆ ಸಿಗುವಾಗ ಈ ಕಡೆಯ ಬಾಗಿಲಿಗೆ ಯಾರೂ ಬರುವುದಿಲ್ಲ, ದವಾಖಾನೆ ಮುಚ್ಚಬೇಕು. ಹಾಗೆಯೇ ಒಬ್ಬ ಡಾಕ್ಟರಿಗೆ ಒಂದೂವರೆ ಸಾವಿರ ಮನೆಗಳಿಗಿಂತ ಹೆಚ್ಚಿಲ್ಲ. ಪಟ್ಟಿ ತುಂಬಿದ ಮೇಲೆ ಬಂದ ಅರ್ಜಿಗಳು ‘ಪರಿಶೀಲನೆಗೆ ಒಳಪಡುತ್ತವೆ’.

ಅಪ್ಪನಿಗೆ ಐನೂರರ ಚಿಂತೆ ಒಂದು ಚೂರೂ ಇರಲಿಲ್ಲ. ಅದು ನಮ್ಮ ಡಾಕ್ಟರಿಗೆ ಎರಡು ಸೋಮವಾರ, ಒಂದು ಮಂಗಳವಾರದ ಜನ ಎನ್ನುತ್ತಿದ್ದ. ಅವನ ಚಿಂತೆ ಒಂದೂವರೆ ಸಾವಿರದ್ದು. ಅಷ್ಟು ಮನೆಗೆ ಬೇಕಾದೀತೆಂದು ಪ್ರತಿ ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಕೂತು ಕಾಗದದ ಪಟ್ಟಿಗಳನ್ನು ಕತ್ತರಿಸಿ ಕಟ್ಟು ಕಟ್ಟುತ್ತಿದ್ದ. ಅಕ್ಕಿ ಡಬ್ಬ ತೆಗೆದರೂ ಪಟ್ಟಿ, ದಿಂಬು ಎತ್ತಿದರೂ ಪಟ್ಟಿ. ಇನ್ನು ನನಗೊಂದು ಅಂಟಿಸಿಬಿಡಿ, ದಿನಕ್ಕೆ ಎಷ್ಟು ಸಲ ಬಾಯಿ ತೆಗೀಬೇಕು ಅಂತ ಗೊತ್ತಾಗುತ್ತೆ, ಎಂದಳು ಅಮ್ಮ.

ಆಗ ನಾನು ಪ್ರಾಥಮಿಕ ಶಾಲೆಯಲ್ಲಿ ಎರಡನೇ ವರ್ಷದ ಟೀಚರು. ಜನಗಣತಿಯಿಂದ ನಾಯಿಗಣತಿಯವರೆಗೆ ಮನೆ ಮನೆ ಸುತ್ತುವ ಕೆಲಸವೆಲ್ಲ ನಮ್ಮದೇ, ಇದೂ ನಮ್ಮ ತಲೆಗೇ ಬಂತು. ನನಗೆ ಪೇಟೆ ಬೀದಿ ಮತ್ತು ಅದರ ಮೂರು ಅಡ್ಡರಸ್ತೆ ಸಿಕ್ಕವು, ಮುನ್ನೂರ ಮೂವತ್ತೆಂಟು ಮನೆ. ಫಾರ್ಮು ಕೊಡಬೇಕು, ತುಂಬಿಸಿಕೊಂಡು ಎಲ್ಲ ಕಲಮೂ ಸರಿಯಿದೆಯೇ ನೋಡಬೇಕು, ಯಾರು ಯಾರ ಹೆಸರು ಬರೆದರೆಂದು ಎಲ್ಲೂ ಬಾಯಿ ಬಿಡಬಾರದು. ಹೆಡ್‌ಮಾಸ್ತರರು ನಮ್ಮೆಲ್ಲರಿಂದ ಸಹಿ ಹಾಕಿಸಿಕೊಂಡರು. ನನ್ನ ಕಡೆ ತಿರುಗಿ, “ಹೆತ್ತ ತಾಯಿ ಕೇಳಿದ್ರೂ ಹೇಳಬಾರದು ಅಂತಿದೆ. ತಾಯಿ ಅಂದ್ರೆ ನಿನ್ನ ಕೇಸಿನಲ್ಲಿ ಅಪ್ಪ. ಗೊತ್ತಾಯ್ತಲ್ಲಮ್ಮ?” ಎಂದರು.

ಮೊದಲ ದಿನ ಹತ್ತೊಂಬತ್ತು ಫಾರ್ಮು ಬಂದವು. ಅದರಲ್ಲಿ ದೊಡ್ಡ ಡಾಕ್ಟರ ಹೆಸರಿದ್ದದ್ದು ಎರಡರಲ್ಲಿ.

ಎಲ್ಲೋ ತಪ್ಪಿ ಎದುರು ಪಕ್ಷದವರ ಮನೆಗಳಿಗೇ ಹೋದೆನೇನೋ ಅಂದುಕೊಂಡೆ. ಎರಡನೇ ದಿನ ಟೈಲರಮ್ಮನ ಅಂಗಡಿ. ಆಕೆ ಮಿಷನ್ನಿನ ಮೇಲೆಯೇ ಫಾರ್ಮು ಹರಡಿಕೊಂಡು ಬರೆಯುತ್ತ, ದೊಡ್ಡ ಡಾಕ್ಟರು ತನ್ನ ಮಗಳ ಕಣ್ಣಿನ ಹಳದಿಯನ್ನು ಬಾಗಿಲಲ್ಲೇ ಕಂಡುಹಿಡಿದದ್ದನ್ನು ನೂರನೇ ಸಲ ಹೇಳಿದಳು. ಅವರಿಲ್ಲದಿದ್ದರೆ ಈ ಹುಡುಗಿಯೇ ಇರುತ್ತಿರಲಿಲ್ಲ ಎಂದು ಕಣ್ಣು ಒರೆಸಿಕೊಂಡು ಫಾರ್ಮು ನನ್ನ ಕೈಗಿತ್ತಳು. ಅದರಲ್ಲಿ ಹೊಸ ಡಾಕ್ಟರ ಹೆಸರಿತ್ತು. ನನ್ನ ಮುಖ ನೋಡಿ ಆಕೆಯೇ ದನಿ ಇಳಿಸಿದಳು.

“ದೊಡ್ಡ ಡಾಕ್ಟ್ರಿಗೇನು ಜನಕ್ಕೆ ಬರವೇ ಟೀಚರ್? ಅವರ ಪಟ್ಟಿ ಮೊದಲನೇ ದಿನಾನೇ ತುಂಬಿರುತ್ತೆ. ನಾನು ಬರೆದು, ಅದು ಪರಿಶೀಲನೆಗೆ ಹೋಗಿ, ಆಮೇಲೆ ಮಿಷನ್ ನಿಲ್ಲಿಸಿ ಆಫೀಸು ಆಫೀಸು ಅಲೆಯೋರು ಯಾರು? ಅದಕ್ಕೇ ಎದುರುಗಡೆಯವರನ್ನ ಬರೆದ್ಬಿಟ್ಟೆ. ನಿಮ್ಮಪ್ಪನಿಗೆ ಮಾತ್ರ ಹೇಳಬೇಡಿ, ಬೇಜಾರು ಮಾಡ್ಕೋತಾರೆ.”

ಆಗ ನನಗೆ ಗೊತ್ತಾಯಿತು. ಸರ್ಕಾರ ‘ಪರಿಶೀಲನೆ’ ಎಂದು ಬರೆದರೆ ಅದರ ಅರ್ಥ ಏನೆಂದು ನಮ್ಮ ಜನ ಮೂರು ತಲೆಮಾರಿನಿಂದ ಬಲ್ಲರು. ಜಾತಿ ಸರ್ಟಿಫಿಕೇಟು, ನಲ್ಲಿಯ ಅರ್ಜಿ, ಮನೆಯ ಖಾತೆ, ಒಂದಲ್ಲ ಒಂದು ಪರಿಶೀಲನೆಯಲ್ಲಿ ಚಪ್ಪಲಿ ಸವೆಸದವರು ಇಲ್ಲ. ದೊಡ್ಡ ಡಾಕ್ಟರ ಪಟ್ಟಿ ತುಂಬಿಯೇ ತುಂಬುತ್ತದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅಷ್ಟು ಪ್ರೀತಿ ಅವರ ಮೇಲೆ. ಆದ್ದರಿಂದ ಎಲ್ಲರೂ, ಒಬ್ಬರಿಗೊಬ್ಬರು ಹೇಳದೆ, ಎಲ್ಲರೂ ಬರೆಯುವ ಹೆಸರನ್ನು ಬಿಟ್ಟು ಇನ್ನೊಂದನ್ನು ಬರೆದರು.

ಮನೆ ಮನೆಯಲ್ಲೂ ಅದೇ ನಡೆಯಿತು. ಕ್ಷೌರದಂಗಡಿಯವನು ಫಾರ್ಮನ್ನೇ ತುಂಬುವುದಿಲ್ಲ ಎಂದು ನಾಲ್ಕು ದಿನ ಸತಾಯಿಸಿದ. ಐದನೇ ದಿನ ಗಿರಾಕಿ ಇಲ್ಲದಾಗ ಬಾ ಎಂದು ಕರೆದು, ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಇಟ್ಟುಕೊಂಡು ಬರೆದ. ವಿರೋಧ ಬೇರೆ, ಮನೆಯವಳ ಮಂಡಿನೋವು ಬೇರೆ ಎಂದ. ಅವನದೂ ಹೊಸ ಡಾಕ್ಟರೇ. ಊರೆಲ್ಲ ದೊಡ್ಡ ಡಾಕ್ಟರನ್ನು ಹೊತ್ತು ಮೆರೆಸುವಾಗ ತನ್ನದೊಂದು ಕೈ ಇಲ್ಲದಿದ್ದರೆ ಪಲ್ಲಕ್ಕಿಯೇನೂ ಬೀಳುವುದಿಲ್ಲ ಎಂದು ಅವನ ಸಮಾಧಾನ. ಊರಿನ ಅಷ್ಟೂ ಹೆಗಲು ಇದೇ ಮಾತು ಹೇಳಿ ಪಕ್ಕಕ್ಕೆ ಸರಿದಿವೆ ಎಂದು ನಾನು ಹೇಳುವಂತಿರಲಿಲ್ಲ.

ಹೇಳುವಂತಿರಲಿಲ್ಲ, ಸುಳಿವು ಕೊಡಬಹುದಿತ್ತು. ಆರನೇ ದಿನದಿಂದ ಫಾರ್ಮು ಕೊಡುವಾಗ, ಸ್ವಲ್ಪ ಯೋಚನೆ ಮಾಡಿ ಬರೆಯಿರಿ, ಪಟ್ಟಿ ಯಾರದ್ದು ತುಂಬಿದೆ ಯಾರದ್ದು ಇಲ್ಲ ಯಾರಿಗೆ ಗೊತ್ತು, ಎಂದು ಒಂದು ಮಾತು ಸೇರಿಸತೊಡಗಿದೆ. ಅದರ ಪರಿಣಾಮ ಕೂಡಲೇ ಕಂಡಿತು. ಕಾಂಪೌಂಡರ ಮಗಳೇ ಹೀಗೆ ಹೇಳುತ್ತಾಳೆ ಎಂದರೆ ದೊಡ್ಡ ಡಾಕ್ಟರ ಪಟ್ಟಿ ತುಂಬಿಹೋಗಿದೆ, ಪಾಪ ಬಾಯಿಬಿಟ್ಟು ಹೇಳಲಾರಳು, ಎಂದು ಅರ್ಥ ಮಾಡಿಕೊಂಡು, ಅಷ್ಟರವರೆಗೆ ಅವರ ಹೆಸರು ಬರೆಯಬೇಕೆಂದಿದ್ದ ನಾಲ್ಕಾರು ಮನೆಯವರೂ ಮನಸ್ಸು ಬದಲಿಸಿದರು. ಸುಳಿವು ನಿಲ್ಲಿಸಿದೆ.

ಮನೆಯಲ್ಲಿ ಅಪ್ಪ ಎಷ್ಟಾಯಿತು ಎಂದು ಒಮ್ಮೆಯೂ ಕೇಳಲಿಲ್ಲ. ನೀನು ಹೇಳಬೇಡ, ನಿನ್ನ ಸಹಿಗೆ ಬೆಲೆ ಇದೆ, ಎನ್ನುತ್ತಿದ್ದ. ಆದರೆ ನಾನು ಊಟಕ್ಕೆ ಕೂತಾಗ ಎಷ್ಟು ತಿನ್ನುತ್ತೇನೆಂದು ನೋಡುತ್ತಿದ್ದ. ನನ್ನ ಊಟ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಅಪ್ಪ ಅದನ್ನೂ ತನ್ನ ರೀತಿಯಲ್ಲೇ ಓದಿದ. ತುಂಬಿಹೋಯ್ತು ಅಂತ ಕಾಣುತ್ತೆ, ಜನ ಇವಳ ಮೇಲೆ ರೇಗಾಡ್ತಿದ್ದಾರೆ, ಎಂದು ಅಮ್ಮನ ಹತ್ತಿರ ಮರುಗಿದ.

ಹತ್ತನೇ ದಿನದ ಬೆಳಗ್ಗೆ ನಮ್ಮ ಮನೆಯ ಫಾರ್ಮನ್ನು ಅಪ್ಪನ ಮುಂದಿಟ್ಟೆ. ಅಪ್ಪ ಕೈ ತೊಳೆದು ಒರೆಸಿಕೊಂಡು, ಶೀಷೆಗೆ ಚೀಟಿ ಬರೆಯುವ ಅದೇ ದುಂಡು ಅಕ್ಷರದಲ್ಲಿ ಬರೆದು ಮಡಿಸಿ ಕೊಟ್ಟ. ಬಿಡಿಸಿ ನೋಡಿದೆ. ವೈದ್ಯರ ಹೆಸರು ಎಂಬ ಕಲಮಿನಲ್ಲಿ ಎದುರುಗಡೆಯ ಡಾಕ್ಟರು.

ಅದನ್ನು ಪಕ್ಕಕ್ಕಿಟ್ಟೆ. ಶಾಯಿ ಹರಡಿಬಿಟ್ಟಿದೆ ಅಪ್ಪ, ಇನ್ನೊಂದು ಬರೆದುಕೊಡು, ಎಂದು ಹೊಸ ಫಾರ್ಮು ಕೊಟ್ಟೆ. ಶಾಯಿ ಎಲ್ಲೂ ಹರಡಿರಲಿಲ್ಲ. ಅಪ್ಪ ಇನ್ನೊಂದು ಬರೆದ. ಈ ಸಲ ಅಕ್ಷರ ಇನ್ನೂ ದುಂಡಗಿತ್ತು, ಹೆಸರು ಅದೇ ಇತ್ತು.

“ಅಪ್ಪ, ಇದೇನು?” ಎಂದೆ.

“ನಾನು ಕಿಟಕಿಯ ಈ ಕಡೆಯವನಮ್ಮ. ಆ ಕಡೆಯ ಜಾಗ ಒಂದನ್ನ ನಾನ್ಯಾಕೆ ಹಿಡೀಲಿ? ತಲೆನೋವು ಬಂದ್ರೆ ಡಾಕ್ಟ್ರು ನನಗೆ ಕೊಡಲ್ಲ ಅಂತಾರಾ? ಹೊರಗಡೆ ನಿಂತು ಕೆಮ್ಮೋರು ಯಾರಿಗಾದ್ರೂ ಸಿಗಲಿ ಬಿಡು.”

ಅವತ್ತು ನಾನು ಹೇಳಿಬಿಡಬಹುದಿತ್ತು. ಅಮ್ಮ ಒಲೆಯ ಹತ್ತಿರ, ಅಪ್ಪ ಪಟ್ಟಿಗಳ ಮಧ್ಯೆ, ಬಾಗಿಲು ಹಾಕಿತ್ತು. ಹೇಳಿದ್ದರೆ ಅಪ್ಪ ಬೀದಿ ಬೀದಿ ಸುತ್ತಿ ಕೈಮುಗಿದು ಬರೆಸಿಕೊಂಡು ಬರುತ್ತಿದ್ದನೆಂದು ಅಂದುಕೊಳ್ಳಬೇಡಿ. ಅವನು ದೊಡ್ಡ ಡಾಕ್ಟರ ಹೆಸರನ್ನು ಬೇಡಿ ತರುವವನಲ್ಲ. ಸುಮ್ಮನೆ ಕೂತು, ಊರು ತನ್ನ ಡಾಕ್ಟರನ್ನು ಬಿಟ್ಟುಕೊಟ್ಟಿತು ಎಂದು ನಂಬಿಬಿಡುತ್ತಿದ್ದ. ಅದು ಮುಚ್ಚಿದ ಬಾಗಿಲಿಗಿಂತ ಕೆಟ್ಟದ್ದು ಎನಿಸಿತು. ಫಾರ್ಮು ಮಡಿಸಿ ಕಟ್ಟಿಗೆ ಸೇರಿಸಿದೆ.

ಹನ್ನೊಂದನೇ ದಿನಕ್ಕೆ ಕಟ್ಟು ಒಪ್ಪಿಸಬೇಕಿತ್ತು. ಮುನ್ನೂರ ಮೂವತ್ತೆಂಟರಲ್ಲಿ ಇಪ್ಪತ್ತೊಂಬತ್ತು ದೊಡ್ಡ ಡಾಕ್ಟರಿಗೆ. ನಾನು ಹೆಡ್‌ಮಾಸ್ತರರಿಗೆ ಜ್ವರದ ನೆಪ ಹೇಳಿ ಎರಡು ದಿನ ಕಟ್ಟನ್ನು ಕೊಡದೆ ಇಟ್ಟುಕೊಂಡೆ. ಯಾರಾದರೂ ಬಂದು, ಟೀಚರ್, ಮನಸ್ಸು ಬದಲಾಯಿತು, ಆ ಫಾರ್ಮು ಕೊಡಿ, ಎಂದಾರೆಂಬ ಆಸೆ. ಇಬ್ಬರು ಬಂದರು. ಒಬ್ಬರು ನನ್ನ ಜ್ವರ ವಿಚಾರಿಸಲು, ಇನ್ನೊಬ್ಬರು ನಾನು ಅವರ ಮನೆಯಲ್ಲಿ ಬಿಟ್ಟುಬಂದ ಪೆನ್ನು ಕೊಡಲು.

ಮೂರನೇ ದಿನ ಕಟ್ಟು ತೆಗೆದುಕೊಂಡು ಹೋದಾಗ ಹೆಡ್‌ಮಾಸ್ತರರ ಮೇಜಿನ ಮೇಲೆ ಊರಿನ ಉಳಿದ ಕಟ್ಟುಗಳ ಒಟ್ಟು ಮೊತ್ತ ಬರೆದ ಹಾಳೆ ಇತ್ತು. ನನ್ನದನ್ನು ಸೇರಿಸಿ ಕೂಡಿದರು. ಎರಡು ಸಾವಿರದ ಮುನ್ನೂರು ಮನೆ. ಹೊಸ ಡಾಕ್ಟರಿಗೆ ಎರಡು ಸಾವಿರದ ಎಂಬತ್ತೆಂಟು. ದೊಡ್ಡ ಡಾಕ್ಟರಿಗೆ ಇನ್ನೂರ ಹನ್ನೆರಡು. ಹೆಡ್‌ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಕೂಡಿದರು. ಮತ್ತೆ ಅಷ್ಟೇ ಬಂತು. ಅವರೂ ಕಣ್ಣೆತ್ತಿ ನೋಡಲಿಲ್ಲ, ನಾನೂ ನೋಡಲಿಲ್ಲ. ಅವರು ಯಾರ ಹೆಸರು ಬರೆದಿದ್ದರೆಂದು ನನಗೆ ಆಗ ಹೊಳೆಯಿತು.

ಆಮೇಲಿನ ಮೂರು ವಾರ ನಾನು ದವಾಖಾನೆಯ ಮುಂದೆ ಹಾದುಹೋಗುವಾಗೆಲ್ಲ ಅದನ್ನು ಕೊನೆಯ ಸಲ ನೋಡುವವಳಂತೆ ನೋಡುತ್ತಿದ್ದೆ. ಎರಡು ಉದ್ದ ಬೆಂಚು, ಕೂತು ಕೂತು ನಡುವೆ ಹೊಳಪು ಬಂದದ್ದು. ಡಾಕ್ಟರ ಕೋಣೆಗೆ ಹಸಿರು ಪರದೆ, ಕೆಳಗಿನ ಅಂಚಿನಲ್ಲಿ ಮಕ್ಕಳು ಹಿಡಿದೆಳೆದು ದಾರ ಬಿಟ್ಟದ್ದು. ಗೋಡೆಯಲ್ಲಿ ಜನರ ತಲೆ ತಾಗಿದ ಎಣ್ಣೆಯ ಕಲೆಗಳ ಸಾಲು, ಎತ್ತರದವರದು ಮೇಲೆ, ಗಿಡ್ಡರದು ಕೆಳಗೆ. ಸ್ಪಿರಿಟ್ಟು, ಗೋಂದು, ಒದ್ದೆ ಕೊಡೆ ಇವುಗಳ ವಾಸನೆ. ಚಿಕ್ಕಂದಿನಲ್ಲಿ ನಾನು ಆ ಬೆಂಚಿನ ತುದಿಯಲ್ಲಿ ಕೂತು ಮಗ್ಗಿ ಕಲಿತವಳು. ಹದಿಮೂರರ ಮಗ್ಗಿಯನ್ನು ಇವತ್ತಿಗೂ ಹೇಳಿದರೆ ನಡುವೆ ಯಾರೋ ಕೆಮ್ಮಿದಂತಾಗುತ್ತದೆ.

ನಂತರ ಸರ್ಕಾರದ ಆದೇಶ ಬಂತು. ತಾಲ್ಲೂಕು ಕಚೇರಿಯ ಬೋರ್ಡಿನ ಮೇಲೆ ಅಂಟಿಸಿದ್ದು ಎರಡೇ ಸಾಲು. ಹೊಸ ಡಾಕ್ಟರಿಗೆ ಸಾವಿರದ ಐನೂರು ಮನೆ. ದೊಡ್ಡ ಡಾಕ್ಟರಿಗೆ ಎಂಟುನೂರು ಮನೆ.

ನಾನು ಶಾಲೆಗೆ ಓಡಿದೆ. ಹೆಡ್‌ಮಾಸ್ತರರು ವಿವರಿಸಿದರು. ‘ಪರಿಶೀಲನೆ’ ಎಂದರೆ ಏನು ಮಾಡಬೇಕೆಂದು ಕಚೇರಿಯ ಗುಮಾಸ್ತರಿಗೂ ಗೊತ್ತಿರಲಿಲ್ಲವಂತೆ. ಮೇಲಿನವರನ್ನು ಕೇಳಿದಾಗ, ತುಂಬಿದ ಪಟ್ಟಿಯಲ್ಲಿ ಸಾವಿರದ ಐನೂರನೇ ಅರ್ಜಿಯ ಕೆಳಗೆ ಒಂದು ಗೆರೆ ಎಳೆದು, ಮಿಕ್ಕವರನ್ನು ಜಾಗ ಇರುವ ಡಾಕ್ಟರ ಕಡೆ ತಳ್ಳಿ ಎಂದರಂತೆ. ಗೆರೆಯ ಕೆಳಗೆ ಉಳಿದದ್ದು ಐನೂರ ಎಂಬತ್ತೆಂಟು. ಕಟ್ಟು ತಡವಾಗಿ ಕೊಟ್ಟವಳು ನಾನೊಬ್ಬಳೇ ಆದ್ದರಿಂದ ನನ್ನ ಬೀದಿಯವರು ಇಡಿಯಾಗಿ ಅದರಲ್ಲಿ ಬಂದಿದ್ದರು. ಟೈಲರಮ್ಮ, ಕ್ಷೌರದಂಗಡಿಯವನು, ನಾವು. ನಿನ್ನ ಜ್ವರ ಒಳ್ಳೆ ಹೊತ್ತಿಗೆ ಬಂತಮ್ಮ ಎಂದರು ಹೆಡ್‌ಮಾಸ್ತರರು. ನಾನು ಉಪಾಯ ಮಾಡಿದೆ ಅಂದುಕೊಂಡಿದ್ದರೆಂದು ತೋರುತ್ತದೆ. ಇಲ್ಲ ಎಂದು ಹೇಳಲು ಹೋಗಲಿಲ್ಲ.

ಐನೂರ ಎಂಬತ್ತೆಂಟು ಮನೆಗಳಿಗೂ ಮುಚ್ಚಿದ ಲಕೋಟೆಯಲ್ಲಿ ಕಾಗದ ಹೋಯಿತು. ‘ತಾವು ಕೋರಿದ ವೈದ್ಯರಲ್ಲಿ ಸ್ಥಳಾವಕಾಶವಿಲ್ಲದ ಕಾರಣ’ ಎಂದು ಶುರುವಾಗುತ್ತಿತ್ತು. ಆ ಕಾಗದದ ವಿಷಯ ಯಾರೂ ಯಾರಿಗೂ ಹೇಳಲಿಲ್ಲ. ಎಂಟುನೂರು ಎಂದರೆ ಎಂಟುನೂರು ಮನೆಯವರು ದೊಡ್ಡ ಡಾಕ್ಟರನ್ನು ಬರೆದಿದ್ದಾರೆ, ಬರೆಯದೆ ದ್ರೋಹ ಮಾಡಿದವರು ನಾವೊಬ್ಬರೇ, ಸರ್ಕಾರದ ದಯೆಯಿಂದ ಮರ್ಯಾದೆ ಉಳಿಯಿತು, ಎಂದು ಪ್ರತಿ ಮನೆಯವರೂ ನಂಬಿ ಕಾಗದವನ್ನು ಒಲೆಗೆ ಹಾಕಿದರು. ಟೈಲರಮ್ಮ ಮರುದಿನವೇ ಶೀಷೆ ಹಿಡಿದು ಕಿಟಕಿಗೆ ಬಂದು, ನಾವು ಬರೆದವರೇ ನಮಗೆ ಸಿಕ್ಕರು ನೋಡಿ ಕಾಂಪೌಂಡರೇ, ಎಂದು ಅಪ್ಪನಿಗೆ ಹೇಳಿದಳಂತೆ. ನಮಗೆ ಬಂದ ಕಾಗದ ನೋಡಿ ಅಪ್ಪ, ನಾನು ಅಲ್ಲೇ ಕೆಲಸ ಮಾಡೋದು ಅಂತ ಸರ್ಕಾರದವರಿಗೂ ತಿಳಿದಿದೆ, ಎಂದು ಹಿಗ್ಗಿದ.

ಕಾರಿಡಾರ್ ಸಾಹೇಬರು ಮುಂದಿನ ಚುನಾವಣೆಯಲ್ಲಿ ಸೋತರು. ಯೋಜನೆ ಉಳಿಯಿತು. ಈಗ ಅವರ ಫೋಟೋ ಪ್ರತಿ ಆರೋಗ್ಯ ಕೇಂದ್ರದಲ್ಲೂ ಇದೆ, ಸುಧಾರಣೆಯನ್ನು ವಿರೋಧಿಸಿದವನೊಬ್ಬನೂ ಹುಡುಕಿದರೆ ಸಿಗುವುದಿಲ್ಲ. ಮೊದಲ ದಿನದಿಂದ ತಾನು ಪರ ಇದ್ದೆ ಎಂದು ಕ್ಷೌರದಂಗಡಿಯವನು ಹೇಳಿದ್ದನ್ನು ನಾನೇ ಕೇಳಿದ್ದೇನೆ. ನನಗೆ ನೆನಪಾಗುವುದು ಇದ್ಯಾವುದೂ ಅಲ್ಲ, ಒಂದು ಮಧ್ಯಾಹ್ನ.

ಆದೇಶದ ಹಿಂದೆಯೇ ದೊಡ್ಡ ಡಾಕ್ಟರ ಪಟ್ಟಿ ಬಂತು, ಟೈಪು ಮಾಡಿದ ಇಪ್ಪತ್ತೇಳು ಹಾಳೆ. ಡಾಕ್ಟರು ಓದಿ ಪ್ರತಿ ಹಾಳೆಗೂ ಸಹಿ ಹಾಕಬೇಕು. ಅದನ್ನು ತಲುಪಿಸಲು ಹೆಡ್‌ಮಾಸ್ತರರು ನನ್ನನ್ನೇ ಕಳಿಸಿದರು. ಪಟ್ಟಿಯಲ್ಲಿ ನಾಲ್ಕು ಕಲಮು ಇದ್ದವು. ಯಜಮಾನರ ಹೆಸರು, ಜನಸಂಖ್ಯೆ, ಕೋರಿದ ವೈದ್ಯರು, ಕೊಟ್ಟ ವೈದ್ಯರು. ಮೂರನೇ ಕಲಮು ಇರುತ್ತದೆಂದು ನನಗೆ ದಾರಿಯಲ್ಲಿ ಹಾಳೆ ತಿರುವಿದಾಗಷ್ಟೇ ತಿಳಿಯಿತು. ಇನ್ನೂರ ಹನ್ನೆರಡು ಮನೆ ದಾಟಿದ ಮೇಲೆ ಹಾಳೆಯಿಂದ ಹಾಳೆಗೆ ಎದುರು ದವಾಖಾನೆಯವರ ಹೆಸರೇ ಇಳಿಯುತ್ತ ಹೋಗಿತ್ತು.

ಒಂದರಿಂದ ನಾಲ್ಕರವರೆಗೆ ದವಾಖಾನೆಗೆ ಬಿಡುವು. ಡಾಕ್ಟರು ಮೇಜಿನ ಮುಂದೆ ಕೂತಿದ್ದರು, ಅಪ್ಪ ಶೀಷೆಗಳನ್ನು ಒರೆಸುತ್ತಿದ್ದ. ಡಾಕ್ಟರ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಕಣ್ಣಿನ ಡಾಕ್ಟರು ತಮಗಿಂತ ಮೂವತ್ತು ವರ್ಷ ಚಿಕ್ಕವರೆಂದು ಅದನ್ನು ತೆಗೆಸಿಕೊಂಡಿರಲಿಲ್ಲ. ಹಾಳೆಗಳನ್ನು ಅಪ್ಪನ ಕಡೆ ಸರಿಸಿ, ಓದಿ ಕಾಂಪೌಂಡರೇ, ಯಾರ್ಯಾರು ಬರ್ಕೊಟ್ಟಿದ್ದಾರೆ ಕೇಳೋಣ, ಎಂದರು.

ಅಪ್ಪ ನಿಂತುಕೊಂಡೇ ಓದಿದ. ಹೆಸರು, ಮನೆಯಲ್ಲಿ ಎಷ್ಟು ಜನ, ಕೋರಿದವರು ತಾವು, ಕೊಟ್ಟದ್ದು ತಮಗೆ. ಪ್ರತಿ ಹೆಸರಿಗೂ ಡಾಕ್ಟರು ಒಂದು ಮಾತು ಹೇಳುತ್ತಿದ್ದರು. ಇವನ ಪಿತ್ತಕೋಶ. ಇವಳ ಮೂರನೇ ಹೆರಿಗೆ, ಕಾಲು ಮೊದಲು ಬಂದದ್ದು. ಹಾಳೆ ಎಂಟಕ್ಕೆ ಬಂದಾಗ ಅಪ್ಪನ ದನಿ ನಿಂತಿತು. ಮುಂದಿನ ಹಾಳೆ ತಿರುವಿದ, ಅದರ ಮುಂದಿನದನ್ನೂ ತಿರುವಿದ. ನನ್ನ ಕಡೆ ಒಮ್ಮೆ ನೋಡಿದ. ನಾನು ಹಸಿರು ಪರದೆಯನ್ನು ನೋಡಿದೆ.

ಏನಾಯ್ತು ಎಂದರು ಡಾಕ್ಟರು. ಅಕ್ಷರ ಸ್ವಲ್ಪ ಮಸುಕು ಡಾಕ್ಟ್ರೇ, ಎಂದು ಅಪ್ಪ ಗಂಟಲು ಸರಿಮಾಡಿಕೊಂಡು ಮತ್ತೆ ಓದತೊಡಗಿದ. ಹೆಸರು, ಮನೆಯಲ್ಲಿ ಎಷ್ಟು ಜನ, ಕೋರಿದವರು ತಾವು, ಕೊಟ್ಟದ್ದು ತಮಗೆ. ಐನೂರಕ್ಕೂ ಹೆಚ್ಚು ಮನೆ, ಒಂದರಲ್ಲೂ ತಡವರಿಸಲಿಲ್ಲ. ಔಷಧಿಯ ಅಳತೆಯಲ್ಲಿ ಒಂದು ಹನಿ ಸುಳ್ಳು ಹೇಳದ ಮನುಷ್ಯ. ಟೈಲರಮ್ಮ, ಕೋರಿದವರು ತಾವು. ಕ್ಷೌರದಂಗಡಿ, ಕೋರಿದವರು ತಾವು. ಹೆಡ್‌ಮಾಸ್ತರರು, ಕೋರಿದವರು ತಾವು. ಡಾಕ್ಟರು ಕಣ್ಣು ಮುಚ್ಚಿ ಕೇಳುತ್ತಿದ್ದರು, ಮುಖದ ಮೇಲೆ ಬಿಸಿಲು ಬಿದ್ದಿತ್ತು. ಅಷ್ಟು ಹೊತ್ತು ಸ್ಟೆತಾಸ್ಕೋಪು ಇಲ್ಲದೆ ಅವರು ಯಾರ ಮಾತನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಇಪ್ಪತ್ತಾರನೇ ಹಾಳೆಯಲ್ಲಿ ನಮ್ಮ ಮನೆ ಬಂತು. ಅಪ್ಪ ತನ್ನ ಹೆಸರನ್ನು ಓದಿದ. ಮನೆಯಲ್ಲಿ ಮೂರು ಜನ ಎಂದ. ಆಮೇಲೆ, ಕೋರಿದವರು ಎದುರುಗಡೆಯ ಡಾಕ್ಟರು ಎಂದು ಓದಿದ.

ಡಾಕ್ಟರು ಕಣ್ಣು ತೆರೆದರು.

“ಎಂಟುನೂರು ಮನೆಯಲ್ಲಿ ನೀವೊಬ್ಬರೇನಾ ಕಾಂಪೌಂಡರೇ?”

“ಹೂಂ ಡಾಕ್ಟ್ರೇ. ನಾನೊಬ್ಬನೇ.”

ಡಾಕ್ಟರು ಬಹಳ ಹೊತ್ತು ಅಪ್ಪನನ್ನು ನೋಡಿದರು. ಆ ಪೊರೆಯ ಹಿಂದಿನಿಂದ ಅವರಿಗೆ ಎಷ್ಟು ಕಾಣುತ್ತಿತ್ತು, ಎಷ್ಟು ಗೊತ್ತಾಯಿತು ಎಂದು ನಾನು ಇವತ್ತಿಗೂ ಹೇಳಲಾರೆ. ಯಾಕೆ ಎಂದು ಕೇಳಲಿಲ್ಲ. ಆಮೇಲೆ ನಗತೊಡಗಿದರು, ಮೊದಲು ಮೆಲ್ಲಗೆ, ಕೊನೆಗೆ ಕನ್ನಡಕ ತೆಗೆದಿಡಬೇಕಾಗುವಷ್ಟು. ಮುಂದೆ ಓದಿ ಎಂದರು.

ಅವರಿಬ್ಬರೂ ಮತ್ತೆ ಆರು ವರ್ಷ ಆ ದವಾಖಾನೆ ನಡೆಸಿದರು. ಬೆಂಚು ತುಂಬಿದ ದಿನ ಡಾಕ್ಟರಿಗೆ ಹುರುಪು ಬಂದರೆ ಪರದೆ ಸರಿಸಿ, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು, ನೀವೆಲ್ಲ ನನ್ನನ್ನೇ ಬೇಕು ಅಂತ ಬರೆದವರು, ಬೇಡ ಅಂತ ಬರೆದವನು ಊರಿಗೆಲ್ಲ ಈ ಕಿಟಕಿಯೊಳಗಿನ ಮನುಷ್ಯನೊಬ್ಬನೇ. ಬೆಂಚಿನ ಮೇಲಿದ್ದವರು ತಮ್ಮ ತಮ್ಮ ಶೀಷೆಯ ಮುಚ್ಚಳ ಬಿಗಿ ಇದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಒಂದು ಸಲ ನಾನೂ ಅಲ್ಲಿದ್ದೆ. ಕ್ಷೌರದಂಗಡಿಯವನು ಎದ್ದು ಕಿಟಕಿಯ ತನಕ ಹೋದ, ಹಲಗೆಯ ಮೇಲೆ ಎರಡೂ ಕೈ ಊರಿದ.

“ಅಲ್ಲ ಕಾಂಪೌಂಡರೇ, ಇಷ್ಟು ವರ್ಷ ಅವರ ಅನ್ನ ತಿಂದು, ನೀವೇ ಹೀಗೆ ಮಾಡೋದಾ?”

ತಪ್ಪಾಯ್ತಪ್ಪ, ಎಂದ ಅಪ್ಪ, ಅವನ ಶೀಷೆಗೆ ಕೈ ಚಾಚುತ್ತ.